ಕಾಣೆಯಾದ ಕಲ್ಲುಪರದೆ

"ಇದು ಉಜ್ಜಿದ್ ಗಾಯ ಅಲ್ಲ ಕಣವ್ವ. ಕಲ್ಲೇಟು," ಎಂದಳು ಪಟ್ಟಲಮ್ಮ.

ಅವಳು ಬೋಟಿನ ಮೂತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮೂವತ್ತು ವರ್ಷ ಲಾರಿಗಳಿಗೆ ಟಾರ್ಪಾಲು ಹೊಲಿದು ದಡ್ಡುಗಟ್ಟಿದ್ದ ಬೆರಳನ್ನು ಬಿಳಿ ಫೈಬರಿನ ಮೇಲೆ ಮೆಲ್ಲಗೆ ಎಳೆದಳು. ಬೆರಳು ಗೇಣಿಗೊಂದು ಕಡೆ ತಡೆಯಿತು. ತಡೆದಲ್ಲೆಲ್ಲ ಬಣ್ಣ ಹಾರಿ, ಒಳಗಿನ ಮಾಸಲು ಪದರ ಹುಣ್ಣಿನ ಹಾಗೆ ಬಾಯಿ ತೆರೆದಿತ್ತು.

ಸಬ್ ಇನ್ಸ್‌ಪೆಕ್ಟರ್ ಶೋಭಿತಾ ಪಕ್ಕದಲ್ಲಿ ಮಂಡಿಯೂರಿದಳು. ಮದ್ದೂರಿನ ಆ ಫೈಬರ್ ವರ್ಕ್‌ಶಾಪಿನ ತಗಡಿನ ಮಾಡು ಬೆಳಿಗ್ಗೆ ಹತ್ತಕ್ಕೇ ರೊಟ್ಟಿ ಹೆಂಚಿನಂತೆ ಕಾದಿತ್ತು. ಬೋಟಿನ ಮಾಲೀಕ ಯತೀಶ್ ಕಾಣೆಯಾಗಿ ಇವತ್ತಿಗೆ ಐದು ದಿನ. ಮಳವಳ್ಳಿಯ ಹೊರಗಿದ್ದ ಅವನ ಶೆಡ್ಡಿನಲ್ಲಿ ಒಣಗಿದ ರಕ್ತ ಸಿಕ್ಕಿತ್ತು, ಹೆಣ ಸಿಕ್ಕಿರಲಿಲ್ಲ.

"ಯಾವಾಗಿನ ಏಟು ಇರಬಹುದು ದೊಡ್ಡವ್ವ?"

"ವಸಾದು. ಒಳುಗ್ಲ ಪದ್ರುಕ್ಕೆ ಇನ್ನೂ ಕೊಳೆ ಇಳ್ದಿಲ್ಲ ನೋಡು. ಅಲ್ಲ, ನಂಗೆ ಅರ್ಥ ಆಗ್ದೇ ಇರೋದು ಬೇರೆ. ನಾ ಒಲ್ದುಕೊಟ್ಟ ಕಲ್ಲುಪರ್ದೆ ಎಲ್ಲೋಯ್ತು?"

"ಕಲ್ಲುಪರದೆ?"

ಪಟ್ಟಲಮ್ಮ ಎದ್ದು, ಜೀಪಿನ ಬೆನ್ನಿಗೂ ಟ್ರೇಲರಿನ ಮೂಕಿಗೂ ನಡುವೆ ಎರಡೂ ಕೈ ಅಗಲಿಸಿ ತೋರಿಸಿದಳು. "ಇಲ್ಲಿಂದ ಇಲ್ಲೀಗಂಟ ಬಿಗೀತಿದ್ರು. ಎರಡು ಪದ್ರ ಟಾರ್ಪಾಲು, ಮಧ್ಯದಲ್ಲಿ ಹಳೇ ರಬ್ಬರ್ ಬೆಲ್ಟು, ಸುತ್ತಾ ಇತ್ತಾಳೆ ರಿಂಗು. ಜಲ್ಲಿ ರಸ್ತೇಲಿ ಜೀಪಿನ ಇಂದ್ಲ ಟೈರು ಕಲ್ಲನ್ನ ಕವಣೆಲಿ ಒಡ್ದಂಗೆ ಒಡೀತದೆ. ಎಲ್ಲಾ ಅದುಕ್ಕೆ ಬಡ್ದು ಕೆಳುಕ್ಕೆ ಬೀಳ್ಬೇಕು. ಯತೀಸಪ್ಪ ಬೋಟನ್ನ ಮಗೀನಂಗೆ ನೋಡ್ಕಳೋನು. ಪರ್ದೆ ಕಟ್ದೆ ಮುತ್ತತ್ತಿ ಕಡೀಕೆ ಒಂದಿನಾನೂ ಓಗ್ತಿರ್ನಿಲ್ಲ."

"ಅಳತೆ ಎಷ್ಟಿತ್ತು?"

"ಆರಡಿ ಅಗ್ಲ. ಏಳಡಿ ಉದ್ದ."

ಏಳಡಿ. ಶೋಭಿತಾ ಆ ಅಳತೆಯನ್ನು ಮನಸ್ಸಿನಲ್ಲೇ ನೆಲದ ಮೇಲೆ ಹಾಸಿದಳು. ಒಬ್ಬ ಆಳು ಆರಾಮವಾಗಿ ಹಿಡಿಯುತ್ತಿದ್ದ.

ಅವಳು ಬಗ್ಗಿ ಟ್ರೇಲರಿನ ಮೂಕಿ ನೋಡಿದಳು. ಪರದೆ ಬಿಗಿಯುವ ಕೊಕ್ಕೆಗಳು ಹತ್ತೂ ನೆಟ್ಟಗೆ ನಿಂತಿದ್ದವು. ದಾರಿಯಲ್ಲಿ ಹರಿದು ಬಿದ್ದಿದ್ದರೆ ಒಂದಾದರೂ ಬಾಗಬೇಕಿತ್ತು. ಯಾರೋ ಒಂದೊಂದಾಗಿ ಬಿಚ್ಚಿದ್ದರು.

ಹೆಡ್ ಕಾನ್‌ಸ್ಟೇಬಲ್ ಅಂಕಯ್ಯ ಅಷ್ಟರಲ್ಲಿ ಚಾಕುವಿನ ತುದಿಯಿಂದ ಬೋಟಿನ ಹೊಟ್ಟೆಯೊಳಗೆ ನಾಟಿದ್ದ ಒಂದು ಚೂರನ್ನು ಕಿತ್ತು ಅಂಗೈ ಮೇಲೆ ಹಾಕಿಕೊಂಡಿದ್ದ. ಕಡಲೆ ಗಾತ್ರದ ಕಲ್ಲು. ಬಣ್ಣ ಕರಿಯದಲ್ಲ, ಬೂದಿಯದಲ್ಲ, ನೆಂದ ಇಟ್ಟಿಗೆಯ ಬಣ್ಣ.

"ಕೆಂಬೋರೆ ಕಲ್ಲು ಮೇಡಂ," ಎಂದ. "ಮಳವಳ್ಳಿ ಆಚೆಗೆ. ನಮ್ಮತ್ತೆ ಊರಿನ ಪಕ್ಕ. ಕೋರೆ ಮುಚ್ಚಿ ಅನ್ನೆರಡು ವರ್ಸ ಆಯ್ತು. ಮೂರು ಮೈಲಿ ಬರೀ ಇದೇ ಜಲ್ಲಿ. ಬೇರೆಲ್ಲೂ ಈ ಬಣ್ಣ ಸಿಕ್ಕಾಕಿಲ್ಲ."

"ಕೋರೆಯಲ್ಲಿ ಈಗ ಏನಿದೆ?"

"ನೀರು. ಅರವತ್ತಡಿ ಆಳ ಅಂತಾರೆ."

ಶೋಭಿತಾ ಕಲ್ಲನ್ನು ಕವರಿಗೆ ಹಾಕಿ ಮಡಿಸಿದಳು. ಮುಚ್ಚಿದ ಕೋರೆಗೆ ಬೋಟು ಎಳೆದುಕೊಂಡು ಹೋಗುವವನಿಗೆ ಅಲ್ಲಿ ಏನು ಕೆಲಸ? ದಡದಿಂದ ಎಸೆಯಲು ಬೋಟು ಬೇಕಿಲ್ಲ. ನೀರಿನ ನಡುವಿನ ತನಕ ಹೋಗಲೇಬೇಕಾದವನಿಗೆ ಮಾತ್ರ ಬೇಕು.

ವರ್ಕ್‌ಶಾಪಿನ ಹೊರಗೆ ಬೇವಿನ ನೆರಳಲ್ಲಿ ಕರಿಯಪ್ಪ ಕೂತಿದ್ದ. ಯತೀಶನ ಜೀಪು ಓಡಿಸುವವನು, ನಲವತ್ತು ದಾಟಿದ ಗಟ್ಟಿ ಆಳು. ಯತೀಶನ ಪಾಲುದಾರ ಸ್ವರೂಪ್ ಹೇಳಿದಂತೆ ಭಾನುವಾರ ಬೆಳಿಗ್ಗೆ ಬೋಟನ್ನು ಬಣ್ಣಕ್ಕೆಂದು ಮಳವಳ್ಳಿಯಿಂದ ಸೀದಾ ಮದ್ದೂರಿಗೆ, ಟಾರು ರಸ್ತೆಯಲ್ಲೇ ತಂದೆ ಎಂದು ಎರಡು ಸಲ ಬರೆಸಿ ಸಹಿ ಹಾಕಿದ್ದ.

"ಬೋಟನ್ನು ಜೀಪಿಗೆ ಕಟ್ಟು ಕರಿಯಪ್ಪ. ಮಳವಳ್ಳಿಗೆ ಹೋಗೋಣ."

"ಶೆಡ್ಡಿಗಾ ಮೇಡಂ?"

"ಮೊದಲು ಕಟ್ಟು."

ಅಂಕಯ್ಯ ಅವಳನ್ನು ಪಕ್ಕಕ್ಕೆ ಕರೆದ. "ಫೋನ್ ಮಾಡ್ದೆ, ಕೋರೇಲಿ ಹುಡುಕಾಕೆ ಅಗ್ನಿಶಾಮಕದೋರು ಸಂಜೆಗೆ ಬತ್ತಾರಂತೆ. ಅಲ್ಲೀಗಂಟ ಕಾಯ್ಬಾರ್ದಾ? ಇವ್ನ ಕೈಗೆ ಸ್ಟೇರಿಂಗ್ ಕೊಡೋದು ನಂಗ್ಯಾಕೋ ಸರಿ ಕಾಣ್ತಾ ಇಲ್ಲ."

"ಬಾಯಲ್ಲಿ ಸುಳ್ಳು ಹೇಳಬಹುದು ಅಂಕಯ್ಯ. ಗಾಡಿ ಓಡಿಸೋ ಕೈ ಸುಳ್ಳು ಹೇಳೋದು ಕಷ್ಟ."

*

ಕರಿಯಪ್ಪ ಓಡಿಸುತ್ತಿದ್ದ ಜೀಪು ಮಳವಳ್ಳಿ ದಾಟಿತು. ಶೋಭಿತಾ ಪಕ್ಕದ ಸೀಟಿನಲ್ಲಿ, ಅಂಕಯ್ಯ ಹಿಂದೆ. ಇಲಾಖೆಯ ಜೀಪಿನಲ್ಲಿ ಬರುತ್ತಿದ್ದ ಕಾನ್‌ಸ್ಟೇಬಲ್ ದೀಪಿಕ ಮತ್ತು ಡ್ರೈವರು, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯೊಂದನ್ನು ಯಾರದಾದರೂ ಮನೆಯಿಂದ ಕೇಳಿ ತರಲು ಊರೊಳಗೆ ನಿಂತಿದ್ದರು.

"ಇಲ್ಲಿ ಎಡಕ್ಕೆ," ಎಂದಳು ಶೋಭಿತಾ.

ಕರಿಯಪ್ಪನ ಕತ್ತಿನ ನರ ಉಬ್ಬಿತು. "ಇತ್ಲಾಗೆ ಏನೈತೆ ಮೇಡಂ? ನಾ ಈ ಕಡೀಕೆ ಬಂದೇ ಇಲ್ಲ."

"ಬಂದಿಲ್ಲ ಅಂದ್ರೆ ನಿಧಾನಕ್ಕೆ ಹೋಗು."

ಟಾರು ಮುಗಿಯಿತು. ಕೆಂಪು ಜಲ್ಲಿ ಶುರುವಾಯಿತು. ಹಿಂದಿನ ಟೈರುಗಳಿಂದ ಚಿಮ್ಮಿದ ಮೊದಲ ಕಲ್ಲು ಬೋಟಿನ ಮೂತಿಗೆ ಠಣ್ ಎಂದಿತು. ಆಮೇಲೆ ಇನ್ನೊಂದು. ಆಮೇಲೆ ಸಾಲುಸಾಲಾಗಿ, ಖಾಲಿ ಡ್ರಮ್ಮಿಗೆ ಹಿಡಿ ಹಿಡಿ ಕಲ್ಲು ತೂರಿದ ಹಾಗೆ. ಪ್ರತಿ ಸದ್ದಿಗೂ ಕರಿಯಪ್ಪನ ರೆಪ್ಪೆ ಮುಚ್ಚಿ ತೆರೆಯುತ್ತಿತ್ತು.

ಮುಂದೆ ಲಂಟಾನದ ಪೊದೆ ರಸ್ತೆಯ ಮೇಲೆ ಬಾಗಿ, ತಿರುವನ್ನು ಪೂರ್ತಿ ಮರೆಮಾಡಿತ್ತು. ತಿರುವಿಗೆ ಬರುವ ಮೊದಲೇ ಕರಿಯಪ್ಪ ಸ್ಟೇರಿಂಗನ್ನು ಬಲಕ್ಕೆ ಎಳೆದ. ಪೊದೆ ಹಿಂದೆ ಸರಿಯಿತು. ಎಡಬದಿಯಲ್ಲಿ, ಒಂದು ಎತ್ತಿನಗಾಡಿ ಮುಳುಗುವಷ್ಟು ಗುಂಡಿ ಬಾಯ್ದೆರೆದು ಬಿದ್ದಿತ್ತು. ಜೀಪು, ಬೋಟು ಎರಡೂ ಅದರ ಅಂಚಿನಿಂದ ಮೊಳ ದೂರದಲ್ಲಿ ದಾಟಿದವು.

ಶೋಭಿತಾ ಅವನ ಕಡೆ ತಿರುಗಿದಳು.

"ಈ ರಸ್ತೆ ನೋಡೇ ಇಲ್ಲ ಅಂದ್ಯಲ್ಲ ಕರಿಯಪ್ಪ. ತಿರುವಿನಾಚೆ ಗುಂಡಿ ಇದೆ ಅಂತ ನಿನ್ನ ಕೈಗೆ ಯಾರು ಹೇಳಿದ್ರು?"

ಅವನ ಕಾಲು ಆಕ್ಸಿಲರೇಟರನ್ನು ತಳಕ್ಕೆ ಒತ್ತಿತು.

ಜೀಪು ಹಾರಿತು. ಅಂಕಯ್ಯ "ಲೇ, ಲೇ ನಿಲ್ಸ್ಲಾ!" ಎಂದು ಕೂಗುತ್ತ ಮುಂದಕ್ಕೆ ಬಾಗಿ ಅವನ ಕಾಲರು ಹಿಡಿದ. ಕರಿಯಪ್ಪ ಸ್ಟೇರಿಂಗನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಒದರಿದ. ಜೀಪಿನ ಬಾಗಿಲಿಲ್ಲದ ಪಕ್ಕದಿಂದ ಅಂಕಯ್ಯ ಆಚೆ ಚೆಲ್ಲಿಹೋದ. ಹಿಂದೆಯೇ ಬರುತ್ತಿದ್ದ ಟ್ರೇಲರಿನ ಚಕ್ರ ಅವನ ಕಾಲಿನ ಮೇಲೆ ಹತ್ತಿ ಇಳಿಯಿತು. ಮೂಳೆ ಮುರಿದ ಸದ್ದು ಇಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತು.

ಶೋಭಿತಾ ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದಳು. ಅವನ ಮೊಣಕೈ ಬಂದು ಅವಳ ಮೂಗಿಗೆ ಬಡಿಯಿತು. ಕಣ್ಣು ಕತ್ತಲಿಟ್ಟಿತು. ಬಾಯಿಗೆ ಉಪ್ಪುಪ್ಪಾದ ರಕ್ತ ಇಳಿಯಿತು. ಆದರೂ ಬ್ರೇಕಿನ ಹಿಡಿ ಬಿಡದೆ, ಎರಡೂ ಕೈಯಿಂದ ಮೇಲಕ್ಕೆ ಜಗ್ಗಿದಳು.

ಚಕ್ರಗಳು ಕಚ್ಚಿಕೊಂಡವು. ಟ್ರೇಲರು ಹಿಂದಿನಿಂದ ಅಡ್ಡ ತಿರುಗಿ, ಬೋಟಿನ ಸಮೇತ ಜೀಪಿನ ಪಕ್ಕೆಗೆ ಅಪ್ಪಳಿಸಿತು. ಧೂಳು ಇಳಿದಾಗ ಜೀಪಿನ ಮುಂದೆ ನೆಲವಿರಲಿಲ್ಲ. ನಾಲ್ಕು ಮಾರು ಆಚೆಗೆ ಕೋರೆಯ ಅಂಚು, ಅದರ ಕೆಳಗೆ ಹಸಿರು ನೀರು.

ಅವಳು ಇಳಿಯುವಷ್ಟರಲ್ಲಿ ಕರಿಯಪ್ಪ ಹಿಂದಕ್ಕೆ ಓಡಿ, ಜೀಪಿಗೂ ಟ್ರೇಲರಿಗೂ ಬಿಗಿದಿದ್ದ ಸರಪಳಿ ಕಿತ್ತಿದ್ದ. ರಿವಾಲ್ವರಿಗೆ ಕೈ ಹೋಗುವ ಮುಂಚೆಯೇ ಸರಪಳಿ ಅವಳ ಬಲಭುಜಕ್ಕೆ ಬಿತ್ತು. ತೋಳು ತನ್ನದಲ್ಲವೇನೋ ಎಂಬಂತೆ ಜೋತುಬಿತ್ತು. ಅವಳು ಮಂಡಿಯ ಮೇಲೆ ಕುಸಿದಳು.

"ವಾಪಸ್ ಓಗಿ ಮೇಡಂ!" ಕರಿಯಪ್ಪ ಅಳುತ್ತಿದ್ದ. ಅಳುತ್ತಲೇ ಸರಪಳಿಯನ್ನು ಮತ್ತೆ ಎತ್ತಿದ. "ನಿಮ್ ಕಾಲಿಗ್ ಬೀಳ್ತೀನಿ, ಆ ನೀರ್ಗೆ ಇಳೀಬ್ಯಾಡಿ! ವಾಪಸ್ ಓಗ್ಬುಡಿ!"

ಎರಡನೆಯ ಏಟು ತಲೆಗೆ ಬರುತ್ತಿತ್ತು. ಅವಳು ಪಕ್ಕಕ್ಕೆ ಉರುಳಿದಳು. ಸರಪಳಿಯ ಕೊಕ್ಕೆ ನೆಲಕ್ಕೆ ಬಡಿದು ಕಿಡಿ ಹಾರಿತು. ಎಡಗೈಗೆ ಸಿಕ್ಕಷ್ಟು ಜಲ್ಲಿಯನ್ನು ಬಾಚಿ ಅವನ ಮುಖಕ್ಕೆ ತೂರಿದಳು.

ಕರಿಯಪ್ಪ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ತಡವರಿಸಿದ. ಅವಳು ಬಿದ್ದಲ್ಲಿಂದಲೇ ಬೂಟುಗಾಲಿನಿಂದ ಅವನ ಮೊಣಕಾಲ ಚಿಪ್ಪಿಗೆ ಒದ್ದಳು. ಮರ ಉರುಳಿದಂತೆ ಬಿದ್ದ. ಬಿದ್ದವನ ಬೆನ್ನೇರಿ, ಅವನದೇ ಸರಪಳಿಯನ್ನು ಎಡಗೈಯಿಂದಲೇ ಕತ್ತಿಗೆ ಒಂದು ಸುತ್ತು ಹಾಕಿ, ಮುಖವನ್ನು ಜಲ್ಲಿಗೆ ಒತ್ತಿದಳು. ಅವನ ಕೈಕಾಲು ಬಡಿತ ನಿಂತಿತು. ಅವಳು ಸಡಿಲಿಸಲಿಲ್ಲ. ದೂರದಿಂದ ಅಂಕಯ್ಯನ ಕೂಗು ಕೇಳಿತು: "ಮೇಡಂ... ಸಾಯ್ತಾನೆ, ಬುಡಿ!"

ಆಗ ಬಿಟ್ಟಳು. ತನ್ನ ಕೈಯನ್ನು ತಾನೇ ನೋಡಿಕೊಂಡಳು. ಅಂಗೈಯಲ್ಲಿ ಸರಪಳಿಯ ಅಚ್ಚು ಬಿದ್ದಿತ್ತು.

*

ಇಲಾಖೆಯ ಜೀಪು ಬಂತು. ಅಂಕಯ್ಯನ ಕಾಲಿಗೆ ಎರಡು ಲಾಠಿ ಕಟ್ಟಿ, ಡ್ರೈವರಿನ ಜೊತೆ ಮಳವಳ್ಳಿ ಆಸ್ಪತ್ರೆಗೆ ಕಳಿಸಿದರು. ಠಾಣೆಯಿಂದ ಬೇರೆ ಸಿಬ್ಬಂದಿ ಬರಲು ಮುಕ್ಕಾಲು ಗಂಟೆ ಬೇಕಿತ್ತು. ಅಲ್ಲಿಯವರೆಗೆ ಕೋರೆಯಲ್ಲಿ ಉಳಿದವರು ಮೂವರೇ: ಶೋಭಿತಾ, ದೀಪಿಕ, ಬೇಡಿ ತೊಟ್ಟ ಕರಿಯಪ್ಪ.

ಅವನ ಕೆನ್ನೆಯ ಚರ್ಮ ಕಿತ್ತು, ಅದರಲ್ಲಿ ಕೆಂಪು ಚೂರುಗಳು ಅಂಟಿದ್ದವು.

"ಯತೀಶ್ ಈ ನೀರಿನಲ್ಲಿದ್ದಾನಾ?"

"ಊಂ, ಇಲ್ಲೇ ಅವ್ನೆ." ಸರಪಳಿ ಒತ್ತಿದ್ದ ಗಂಟಲಿನಿಂದ ದನಿ ಗೊಗ್ಗರಾಗಿ ಬಂತು. "ನಾನೇ ಒಡ್ದೆ. ನಾನೊಬ್ನೇ. ಬರ್ಕಳಿ."

"ಯಾವುದರಲ್ಲಿ ಹೊಡೆದೆ?"

"ರಾಡಲ್ಲಿ."

"ಯಾತಕ್ಕೆ?"

"ಬೈದ, ಒಡ್ದೆ." ಅವನು ನೀರಿನ ಕಡೆ ನೋಡಲಿಲ್ಲ. "ಕಲ್ಲುಪರ್ದೇಲಿ ಸುತ್ತಿ, ಕಲ್ಲು ಕಟ್ಟಿ ಮುಳುಗಿಸ್ದೆ. ಇನ್ನೇನು ಬೇಕು? ನಡೀರಿ, ಜೈಲ್ಗೆ ಆಕಿ. ಅದನ್ಯಾಕೆ ಎತ್ತೀರಿ?"

ಇಷ್ಟು ಬೇಗ ಒಪ್ಪಿಕೊಂಡವನು ಅಷ್ಟು ಹೊತ್ತು ಸರಪಳಿ ಬೀಸಿದ್ದೇಕೆ? ಶೋಭಿತಾ ಮೂಗಿನ ರಕ್ತವನ್ನು ತೋಳಿಗೆ ಒರೆಸಿಕೊಂಡಳು. ಇವನು ಯಾವುದನ್ನೋ ಮುಚ್ಚುತ್ತಿಲ್ಲ, ಯಾರನ್ನೋ ಕಾಪಾಡುತ್ತಿದ್ದಾನೆ.

"ಎಲ್ಲಿ ಮುಳುಗಿಸಿದ್ದು ತೋರಿಸು. ಬೋಟು ಇಳಿಸು ದೀಪಿಕ."

ಹಿಂದೆ ಲಾರಿಗಳು ಕಲ್ಲು ಹೇರುತ್ತಿದ್ದ ಇಳಿಜಾರಿನಲ್ಲಿ ದೀಪಿಕ ಯತೀಶನ ಜೀಪನ್ನು ಹಿಂದಕ್ಕೆ ಬಿಟ್ಟು, ಬೋಟನ್ನು ನೀರಿಗಿಳಿಸಿದಳು. ಖಾಲಿ ಟ್ರೇಲರಿನ ಸಮೇತ ಜೀಪನ್ನು ಮತ್ತೆ ಮೇಲಕ್ಕೊಯ್ದು ನಿಲ್ಲಿಸಿ, ಕೀಲಿ ತಂದು ಶೋಭಿತಾಳಿಗೆ ಕೊಟ್ಟಳು. ಕರಿಯಪ್ಪನ ಬೇಡಿಯನ್ನು ಬೋಟಿನ ಕಂಬಿಗೆ ಸಿಕ್ಕಿಸಿದರು. ಹುಟ್ಟು ಹಾಕಿದವಳು ದೀಪಿಕ. ಕಲ್ಲೇಟು ತಿಂದ ಬೋಟು ನೀರನ್ನು ಸೀಳಿಕೊಂಡು ಕೋರೆಯ ನಡುವಿಗೆ ಸರಿಯಿತು. ಸುತ್ತ ನಾಲ್ಕೂ ಕಡೆ ಕೆಂಪು ಬಂಡೆಯ ಗೋಡೆ, ತಲೆಯ ಮೇಲೆ ಸುಡುವ ಬಿಸಿಲು. ಒಂದು ಹಕ್ಕಿಯೂ ಇರಲಿಲ್ಲ.

"ಇಲ್ಲೇ," ಎಂದ ಕರಿಯಪ್ಪ.

ಪಾತಾಳಗರಡಿ ಇಳಿಯಿತು. ಮೊದಲ ಸಲ ಪಾಚಿ ಬಂತು. ಎರಡನೆಯ ಸಲ ಏನೂ ಬರಲಿಲ್ಲ. ಮೂರನೆಯ ಸಲ ಹಗ್ಗ ಬಿಗಿಯಿತು. ದೀಪಿಕ ಕಾಲು ಕೊಟ್ಟು ಎಳೆದಳು, ಶೋಭಿತಾ ಒಂದೇ ಕೈಯಲ್ಲಿ ಎಳೆದಳು. ಆಳದಲ್ಲಿ ಯಾವುದೋ ಕಲ್ಲು ಕಳಚಿತೇನೋ, ಭಾರ ಒಮ್ಮೆಲೇ ಹಗುರಾಯಿತು. ಗುಳುಗುಳು ಗಾಳಿ ಎದ್ದಿತು. ಹಿಂದೆಯೇ ಹಸಿರು ನೀರನ್ನು ಒಡೆದುಕೊಂಡು ಕರಿಯ ಮೂಟೆಯೊಂದು ಮೇಲೆದ್ದಿತು.

ವಾಸನೆಗೆ ದೀಪಿಕ ಬೋಟಿನಾಚೆ ಬಗ್ಗಿ ವಾಂತಿ ಮಾಡಿಕೊಂಡಳು.

ಮೂಟೆಯನ್ನು ಹಿಂದೆ ಕಟ್ಟಿಕೊಂಡು ದಡಕ್ಕೆ ಬಂದು, ಕರಿಯಪ್ಪನನ್ನು ಕಂಬಿಯಿಂದ ಬಿಡಿಸಿ ಇಳಿಸಿದರು. ಡಾಕ್ಟರು, ಪಂಚರು ಬರುವ ತನಕ ಮೂಟೆಯನ್ನು ಬಿಚ್ಚುವಂತಿರಲಿಲ್ಲ. ಶೋಭಿತಾ ಬಿಚ್ಚಲೂ ಇಲ್ಲ. ಆದರೆ ಇಳಿಜಾರಿನ ಮೇಲಕ್ಕೆ ಎಳೆಯುವಾಗ ಗರಡಿಯ ಕೊಕ್ಕೆ ಸಿಕ್ಕಿದ್ದ ಕಡೆ ಟಾರ್ಪಾಲು ಪರ್ರನೆ ಸೀಳಿತು. ಸೀಳಿನಿಂದ ಒಂದು ಕೈ ಜಾರಿ ಜಲ್ಲಿಯ ಮೇಲೆ ಬಿತ್ತು.

ಊದಿ ಬೆಳ್ಳಗಾಗಿದ್ದ ಎಡಗೈ. ಅದಕ್ಕೆ ಮೂರೇ ಬೆರಳಿದ್ದವು. ಕಿರುಬೆರಳು, ಉಂಗುರದ ಬೆರಳಿನ ಜಾಗದಲ್ಲಿ ಎಂದೋ ಮಾಯ್ದ ಹಳೆಯ ಗಾಯದ ಗಂಟು.

ಯತೀಶನ ಹತ್ತು ಬೆರಳೂ ಅವನ ಫೋಟೋಗಳಲ್ಲಿ ನೆಟ್ಟಗಿದ್ದವು.

ಕರಿಯಪ್ಪ ಆ ಕೈಯನ್ನು ನೋಡಿದ. ಮೊದಲು ಅವನ ಮುಖದಲ್ಲಿ ಏನೂ ಆಗಲಿಲ್ಲ. ಆಮೇಲೆ ಬಾಯಿ ತೆರೆಯಿತು. ಬೇಡಿ ಹಾಕಿದ ಕೈಗಳನ್ನು ಮುಂದೆ ಚಾಚಿಕೊಂಡು, ತಡೆಯಲು ಹಿಡಿದ ದೀಪಿಕಳನ್ನೂ ಎಳೆದುಕೊಂಡು, ಮಂಡಿಯಲ್ಲೇ ತೆವಳಿ ಆ ಕೈಯನ್ನು ತಬ್ಬಿಕೊಂಡ.

"ಅಪ್ಪೂ..." ಎಂದ. "ಅಪ್ಪೂ... ಲೇ ಅಪ್ಪೂ... ನನ್ ತಮ್ಮ ಕಣವ್ವಾ ಇವ್ನು! ಆಲೆಮನೇಲಿ ಗಾಣುಕ್ಕೆ ಸಿಕ್ಕಿ ಬೆರ್ಳು ಓದವು... ನಾನೇ ಎತ್ಕಂಡು ಓಡಿದ್ದೆ ಆಸ್ಪತ್ರೆಗೆ..."

ಅವನು ಹಣೆಯನ್ನು ಜಲ್ಲಿಗೆ ಬಡಿಯತೊಡಗಿದ. ಶೋಭಿತಾ ಕೂದಲು ಹಿಡಿದು ತಲೆ ಎತ್ತಿದಳು. ಹಣೆ ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು.

"ಕರಿಯಪ್ಪ! ನನ್ನ ನೋಡು. ಮೂಟೆ ಕಟ್ಟಿದ್ದು ನೀನಲ್ಲ. ಕಟ್ಟಿದ್ದರೆ ನಿನಗೆ ಗೊತ್ತಾಗ್ತಿತ್ತು. ಯಾರು ಕಟ್ಟಿಕೊಟ್ಟರು?"

"ಸ್ವರೂಪಣ್ಣ..." ಮಾತುಗಳು ಬಿಕ್ಕಳಿಕೆಯ ನಡುವೆ ಚೂರುಚೂರಾಗಿ ಬಂದವು. "ಸೆಡ್ಡಲ್ಲಿ ಕಟ್ಟಿ ಮಡಗಿದ್ರು. ನಿನ್ ತಮ್ಮ ಯತೀಸನ್ನ ಒಡ್ದಾಕ್ಬುಟ್ಟ ಅಂದ್ರು. ಎದ್ರುಕೊಂಡು ಮೈಸೂರ್ಗೆ ಓಡೋದ ಅಂದ್ರು. ತಮ್ಮ ಉಳೀಬೇಕು ಅಂದ್ರೆ ಇದನ್ನ ಕೆಂಬೋರೇಲಿ ಮುಳುಗ್ಸು, ಬಿಚ್ಚಿಗಿಚ್ಚಿ ನೋಡ್ಬ್ಯಾಡ ಅಂದ್ರು. ಅವ್ನು ಉಳೀಲಿ ಅಂತ ನಾನು... ನನ್ ಕೈಯಾರೆ ನಾನು..."

"ಐದು ದಿನದಿಂದ ತಮ್ಮ ಎಲ್ಲಿದ್ದಾನೆ ಅಂತ ನೀನು ಕೇಳಲೇ ಇಲ್ವಾ?"

"ಕೇಳ್ದೆ! ದಿನಾ ಮೆಸೇಜು ಆಕ್ತಾವ್ನಲ್ಲ ಮೇಡಂ! ಚೆನ್ನಾಗಿವ್ನಿ ಅಣ್ಣ, ಫೋನ್ ಮಾಡ್ಬ್ಯಾಡ ಅಂತ. ಇವತ್ ಬೆಳುಗ್ಗೇನೂ ಬಂತು!"

ಶೋಭಿತಾ ಜೇಬಿಗೆ ಕೈ ಹಾಕಿದಳು.

ಕರಿಯಪ್ಪನ ಫೋನನ್ನು ಮದ್ದೂರಿನಲ್ಲೇ ಕಸಿದು, ಸದ್ದು ತೆಗೆದು ಇಟ್ಟುಕೊಂಡಿದ್ದಳು. ಎಡಗೈಯಲ್ಲಿ ಹೊರತೆಗೆದು ನೋಡಿದಳು. ಪರದೆಯ ಮೇಲೆ ಅಪ್ಪುವಿನ ಹೆಸರಿನಲ್ಲಿ ಓದದ ಸಂದೇಶವೊಂದಿತ್ತು.

'ಅಣ್ಣ, ಆ ಮೂಟೆ ಬಿಚ್ಚಬೇಡ.'

ಬಂದ ಹೊತ್ತು ಹನ್ನೆರಡು ಐವತ್ತು. ಈಗ ಒಂದಕ್ಕೆ ಎರಡು ನಿಮಿಷ. ಎಂಟು ನಿಮಿಷದ ಹಿಂದೆ ಮೂಟೆ ನೀರಿನಿಂದ ಆಗತಾನೆ ತಲೆ ಎತ್ತಿತ್ತು. ಅದನ್ನು ಕಂಡವರು ಬೋಟಿನಲ್ಲಿದ್ದ ಮೂವರು ಮಾತ್ರ. ಇಲ್ಲವೇ, ಮೇಲಿನಿಂದ ನೋಡುತ್ತಿದ್ದವರು.

ಅವಳು ತಲೆ ಎತ್ತಿದಳು. ಬಂಡೆಯ ಅಂಚಿನುದ್ದಕ್ಕೂ ಬಿಸಿಲ ಝಳ ಕುಣಿಯುತ್ತಿತ್ತು. ಯಾರೂ ಕಾಣಲಿಲ್ಲ.

"ದೀಪಿಕ," ಎಂದಳು ಮೆಲ್ಲಗೆ, "ಇವನನ್ನು ಎಬ್ಬಿಸು. ಇಳಿಜಾರಿನಿಂದ ಪಕ್ಕಕ್ಕೆ ಬನ್ನಿ. ಈಗಲೇ."

ಕರಿಯಪ್ಪ ಏಳಲಿಲ್ಲ. ತಮ್ಮನ ಕೈ ಬಿಡಲಿಲ್ಲ.

ಇಳಿಜಾರಿನ ತುದಿಯಲ್ಲಿ, ಖಾಲಿ ಟ್ರೇಲರು ಕಟ್ಟಿಕೊಂಡು ನಿಂತಿದ್ದ ಜೀಪಿನ ಇಂಜಿನ್ನು ಗುಡುಗಿ ಚಾಲೂ ಆಯಿತು.

ಅದರ ಒಂದು ಕೀಲಿ ಶೋಭಿತಾಳ ಜೇಬಿನಲ್ಲಿತ್ತು. ಇನ್ನೊಂದು ಯತೀಶನ ಜೊತೆಗೇ ಕಾಣೆಯಾಗಿತ್ತು.